ಲೇಬಲ್ ಪ್ರಿಂಟಿಗೆ ಕೊಡುವ ಮುನ್ನ ಇದನ್ನೊಮ್ಮೆ ಓದಿ

ಚಿಕ್ಕದಾಗಿ ತಿನಿಸಿನ ವ್ಯಾಪಾರ ಶುರುಮಾಡಿ ಈಗ ಬ್ರ್ಯಾಂಡಿಂಗ್ ಮಾಡಿಸಲು ಹೊರಟವರಿಗಾಗಿ ಬರೆಯುತ್ತಿದ್ದೇನೆ. ನಮ್ಮ ತಪ್ಪಿಗೆ ಒಂದಿಡೀ ವರ್ಷ ಹೋಯಿತು, 6000 ಲೇಬಲ್ ರದ್ದಿಗೆ ಬಿದ್ದವು.

ನಾನೂ ನನ್ನ ತಂಗಿಯೂ ಪೀನಟ್ ಬಟರ್ ಮಾಡುತ್ತೇವೆ. ಹುರಿದ ಕಡಲೆಕಾಯಿ ಬೀಜ, ಉಪ್ಪು, ಅಷ್ಟೇ. ಅಂಗಡಿಗಳಲ್ಲಿ ಇಡಬೇಕೆಂದಾಗ ಒಂದು ಏಜೆನ್ಸಿ ಹಿಡಿದೆವು. ಮೊದಲ ಮೀಟಿಂಗಿನಲ್ಲೇ "ನಿಮ್ಮ ಗ್ರಾಹಕರು ಯಾರು?" ಎಂದರು. "ಎಲ್ಲರೂ" ಎಂದೆ. ಮರುಮಾತಿಲ್ಲದೆ ಬರೆದುಕೊಂಡರು. ಆಗಲೇ ಎದ್ದು ಬರಬೇಕಿತ್ತು.

ಬಂದ ಲೇಬಲ್ ಹೀಗಿತ್ತು: ಆರೋಗ್ಯಕರ, ಮಕ್ಕಳ ಮೆಚ್ಚಿನ ರುಚಿ, ಜಿಮ್‌ಗೆ ಹೋಗುವವರಿಗೆ ಪ್ರೋಟೀನ್, ಅಜ್ಜಿಯ ಕೈರುಚಿ, ಪರಿಸರಸ್ನೇಹಿ, ಶುಗರ್ ಫ್ರೀ. ಅಂಗೈಯಗಲದ ಕಾಗದದ ಮೇಲೆ ಆರು ಮಾತು. ಒಂದನ್ನು ಬಿಟ್ಟರೂ ಯಾರೋ ಒಬ್ಬರು ಕೈತಪ್ಪುತ್ತಾರೆ ಎಂಬ ಭಯಕ್ಕೆ ನಾನು ಎಲ್ಲಕ್ಕೂ ಒಪ್ಪಿದೆ. ನಮ್ಮಜ್ಜಿ ಪೀನಟ್ ಬಟರ್ ಮಾಡಿದವರೇ ಅಲ್ಲ. ಆ ಸುಳ್ಳಿಗೂ ಹೂಂ ಎಂದಿದ್ದು ಇವತ್ತಿಗೂ ಚುಚ್ಚುತ್ತದೆ.

ಮೊದಲ ಪೆಟ್ಟು ಕೊಟ್ಟಿದ್ದು 'ಶುಗರ್ ಫ್ರೀ'. ಆಹಾರದ ಗುಣಮಟ್ಟಕ್ಕೆಂದೇ ಇರುವ ಅಂತರರಾಷ್ಟ್ರೀಯ ಕೋಡೆಕ್ಸ್ ಮಾರ್ಗಸೂಚಿಯ ಪ್ರಕಾರ ಹಾಗೆ ಬರೆಯಲು 100 ಗ್ರಾಂನಲ್ಲಿ ಸಕ್ಕರೆ 0.5 ಗ್ರಾಂ ಮೀರಬಾರದು. ಕಡಲೆಕಾಯಿಯಲ್ಲೇ ಸಹಜವಾಗಿ 4 ಗ್ರಾಂ ಆಸುಪಾಸು ಇರುತ್ತದೆ. 'ಸಕ್ಕರೆ ಸೇರಿಸಿಲ್ಲ' ಎನ್ನುವುದೇ ಬೇರೆ, 'ಶುಗರ್ ಫ್ರೀ' ಎನ್ನುವುದೇ ಬೇರೆ. ಇದು ಏಜೆನ್ಸಿಗೂ ಗೊತ್ತಿರಲಿಲ್ಲ, ನಾವೂ ವಿಚಾರಿಸಿರಲಿಲ್ಲ. ಅಂಗಡಿಯವರು ಮಾಲನ್ನೇ ವಾಪಸ್ ಕಳಿಸಿದರು.

ಎರಡನೆಯದು ಇನ್ನೂ ನೋವಿನದು. ಬಾಟಲಿಯಲ್ಲಿ ಎಣ್ಣೆ ಮೇಲೆ ತೇಲುವುದನ್ನು ಕಂಡು ಜನ "ಕೆಟ್ಟುಹೋಗಿದೆ" ಎಂದು ದೂರು ಕೊಡತೊಡಗಿದರು. ಎಷ್ಟೋ ಬ್ರ್ಯಾಂಡಿನವರು ಹೈಡ್ರೋಜನೀಕರಿಸಿದ (ಹೈಡ್ರೋಜನ್ ಸೇರಿಸಿ ಗಟ್ಟಿಮಾಡಿದ) ಕೊಬ್ಬು ಬೆರೆಸುತ್ತಾರೆ, ಅದು ಗಟ್ಟಿಯಾಗಿ ಎಣ್ಣೆಯನ್ನು ಹಿಡಿದಿಡುತ್ತದೆ. ನಾವು ಬೆರೆಸುವುದಿಲ್ಲ, ಅದಕ್ಕೇ ತೇಲುತ್ತದೆ. ನಮ್ಮ ಪದಾರ್ಥದ ಬಗ್ಗೆ ಹೇಳಲೇಬೇಕಿದ್ದ ಒಂದೇ ಒಂದು ಸಂಗತಿ ಅದು. ಆರು ಮಾತುಗಳಲ್ಲಿ ಅದೊಂದೇ ಇರಲಿಲ್ಲ!

ಇದನ್ನು ಕಂಡುಕೊಂಡಿದ್ದು ನನ್ನ ತಂಗಿ. ದೂರಿನ ಮೆಸೇಜುಗಳನ್ನೆಲ್ಲ ರಾತ್ರಿ ಕೂತು ಓದಿ, "ಅಕ್ಕಾ, ಎಲ್ಲರೂ ಎಣ್ಣೆ ಬಗ್ಗೆನೇ ಕೇಳ್ತಿದಾರೆ, ನಾವು ಅದನ್ನೇ ಹೇಳೋಣ" ಎಂದಳು. ಈಗ ಲೇಬಲ್ಲಿನ ಮುಂಬದಿಯಲ್ಲಿ ಇಷ್ಟೇ ಇದೆ: 'ಎಣ್ಣೆ ತೇಲುತ್ತದೆ, ಕಲಕಿ ತಿನ್ನಿ. ಕಡಲೆಕಾಯಿ, ಉಪ್ಪು ಬಿಟ್ಟು ಬೇರೇನೂ ಇಲ್ಲ.' ಪ್ರೋಟೀನ್ ಲೆಕ್ಕ ಹಿಂಬದಿಯ ಪಟ್ಟಿಗೆ ಹೋಯಿತು. ಕೆಟ್ಟುಹೋಗಿದೆ ಎನ್ನುವ ದೂರು ಈಗ ಅಪರೂಪ.

ನಿಮ್ಮ ಪದಾರ್ಥದ ರುಚಿಯನ್ನೂ ನೋಡದೆ ಸ್ಲೋಗನ್ ಬರೆದುಕೊಡುವವರಿಗೆ ದಯವಿಟ್ಟು ಅಡ್ವಾನ್ಸ್ ಕೊಡಬೇಡಿ. ಈಗಾಗಲೇ ಕೊಟ್ಟಿದ್ದರೆ ಪ್ರಿಂಟಾದರೂ ನಿಲ್ಲಿಸಿ. ನಿಮ್ಮಲ್ಲಿ ಎರಡನೇ ಸಲ ಕೊಂಡವರಿಗೆ ಮೊದಲು ಫೋನ್ ಮಾಡಿ, ಮತ್ತೆ ಯಾಕೆ ಕೊಂಡಿರಿ ಎಂದು ಕೇಳಿ, ಅವರ ಬಾಯಿಂದ ಬಂದದ್ದನ್ನು ಹಾಗೇ ಬರೆದಿಟ್ಟುಕೊಳ್ಳಿ.