ಮೈಕ್ರೋಮೀಟರ್ ಸರಿ ಅಂದಿತು, ಪಿನ್ನು ಮಾತ್ರ ಬೋರಿಗೆ ಇಳಿಯಲಿಲ್ಲ

ಸ್ಲೈಡಿಂಗ್ ಹೆಡ್ ಲೇತಿಗೆ ಬಾರ್ ತರಿಸುವವರು ದಯವಿಟ್ಟು ಇದನ್ನು ಒಮ್ಮೆ ಓದಿ. ಹೊಸ ಬಾರನ್ನು ಬರೀ ಮೈಕ್ರೋಮೀಟರಿನಲ್ಲಿ ಅಳೆದು, ಸೈಜ್ ಸರಿ ಇದೆ ಎಂದು ಮೆಷಿನ್ನಿಗೆ ಏರಿಸಬೇಡಿ. ನಾವು ಹಾಗೆ ಮಾಡಿ ಎರಡು ಸಾವಿರ ಪಿನ್ನು ಕಳೆದುಕೊಂಡೆವು. ಜೊತೆಗೆ, ಟೂಲಿನ ಪಕ್ಕದಲ್ಲೇ ಬಾರಿಗೆ ಸುತ್ತಲೂ ಆಸರೆ ಕೊಡುವ ಒಂದು ಗೈಡ್ ಬುಷ್ಷೂ ಹೋಯಿತು.

ಕೆಲಸ ನೋಡೋಕೆ ಸುಲಭದ್ದೇ. 303 ಸ್ಟೇನ್‌ಲೆಸ್, 6 ಮಿ.ಮೀ. ಬಾರಿನಿಂದ 4 ಮಿ.ಮೀ. ವ್ಯಾಸದ, 46 ಮಿ.ಮೀ. ಉದ್ದದ ಪಿನ್ನು. ಡ್ರಾಯಿಂಗಿನಲ್ಲಿ ಟಾಲರೆನ್ಸ್ (ಅಳತೆ ಎಷ್ಟು ಆಚೀಚೆ ಆಗಬಹುದು ಅನ್ನುವುದು) h6 ಇತ್ತು, ಅಂದರೆ 3.992ರಿಂದ 4.000ದ ಒಳಗೆ ಬರಬೇಕು. ರೌಂಡ್‌ನೆಸ್, ಅಂದರೆ ದುಂಡಗಿನ ಆಕಾರದಲ್ಲಿ ಬಿಡಬಹುದಾದ ತಪ್ಪು, 3 ಮೈಕ್ರಾನ್ (ಮಿ.ಮೀ.ನ ಸಾವಿರದಲ್ಲಿ ಮೂರು ಪಾಲು). ಇಷ್ಟು ಸಣಕಲು ಪಿನ್ನನ್ನು ಮಾಮೂಲಿ ಲೇತಿನಲ್ಲಿ ಹಿಡಿದರೆ ಟೂಲು ತಾಗುತ್ತಲೇ ಬಾಗುತ್ತದೆ. ಸ್ಲೈಡಿಂಗ್ ಹೆಡ್ಡಿನಲ್ಲಿ ಆ ಕಷ್ಟವಿಲ್ಲ. ಹೆಡ್‌ಸ್ಟಾಕೇ ಬಾರನ್ನು ಹಿಡಿದುಕೊಂಡು ಮುಂದೆ ಸರಿಯುತ್ತದೆ. ಟೂಲು ನಿಂತಲ್ಲೇ ನಿಂತು, ಗೈಡ್ ಬುಷ್ಷಿನ ಬಾಯಿಯ ಪಕ್ಕದಲ್ಲೇ ಕತ್ತರಿಸುತ್ತದೆ. ಸ್ವಿಟ್ಜರ್ಲೆಂಡಿನ ಗಡಿಯಾರ ತಯಾರಕರು 19ನೇ ಶತಮಾನದಲ್ಲಿ ತಮ್ಮ ಪುಟ್ಟ ಸ್ಕ್ರೂ, ಪಿನ್ನುಗಳಿಗಾಗಿ ಬಳಕೆಗೆ ತಂದ ಉಪಾಯ ಇದು. ಇವತ್ತಿಗೂ ಸ್ವಿಸ್ ಟೈಪ್ ಅಂತ ಕರೆಯುವುದು ಅದಕ್ಕೇ.

ಆದರೆ ಒಂದು ವಿಷಯ ಮರೆಯಬಾರದು. ಮಾಮೂಲಿ ಲೇತಿನಲ್ಲಿ ಪಾರ್ಟಿನ ಸೆಂಟರ್ ಯಾವುದು ಅನ್ನುವುದನ್ನು ಸ್ಪಿಂಡಲ್ ಹೇಳುತ್ತದೆ. ಇಲ್ಲಿ ಅದನ್ನು ಹೇಳುವುದು ಬಾರಿನ ಹೊರಮೈ. ತಿರುಗದೆ ನಿಂತಿರುವ ಬುಷ್ಷಿನೊಳಗೆ ಬಾರು ತಿರುಗುತ್ತಿರುತ್ತದೆ. ಬಾರಿನ ಮೈ ಡೊಂಕಾಗಿದ್ದರೆ ಸೆಂಟರೂ ಅದರ ಜೊತೆ ಅಲುಗುತ್ತದೆ. ಟೂಲು ಆ ಅಲುಗಾಟವನ್ನೇ ಪಾರ್ಟಿನ ಮೇಲೆ ಬರೆಯುತ್ತದೆ. ಬುಷ್ಷೂ ಬಾರಿನ ಜೊತೆ ತಿರುಗುವ ಮಾದರಿಯಲ್ಲಿ ಈ ಕಾಟ ಕಡಿಮೆ. ನಮ್ಮದು ತಿರುಗದ ಬುಷ್.

ಸ್ಯಾಂಪಲ್ ಪಿನ್ನುಗಳನ್ನು ಹಳೇ ಸ್ಟಾಕಿನ ಬಾರಿನಲ್ಲಿ ಮಾಡಿದ್ದೆವು. ಕಸ್ಟಮರ್ ಒಪ್ಪಿಗೆ ಕೊಟ್ಟರು. ಲಾಟಿಗೆ ಅಷ್ಟು ಬಾರು ಇರಲಿಲ್ಲ, ಬೇರೆ ಸಪ್ಲೈಯರಿಂದ ತರಿಸಿದೆವು. ಬಂಡಲಿನ ಮೇಲೆ ‘ಗ್ರೌಂಡ್ ಬಾರ್’ ಅಂತ ಚೀಟಿ ಇತ್ತು, ಅಂದರೆ ಹೊರಮೈ ಗ್ರೈಂಡ್ ಮಾಡಿದ ಬಾರು. ಜೊತೆಗೆ ಬಂದ ಟೆಸ್ಟ್ ಸರ್ಟಿಫಿಕೇಟಿನಲ್ಲಿ ಕ್ರೋಮಿಯಂ, ನಿಕಲ್, ಗಂಧಕ ಎಷ್ಟೆಷ್ಟು, ಎಳೆತಕ್ಕೆ ಎಷ್ಟು ತಡೆಯುತ್ತದೆ, ಎಲ್ಲ ಬರೆದಿತ್ತು. ಆಕಾರದ ಬಗ್ಗೆ ಒಂದಕ್ಷರ ಇರಲಿಲ್ಲ. ಅದು ಆಗ ನನ್ನ ಕಣ್ಣಿಗೆ ಬೀಳಲಿಲ್ಲ. ಮೈಕ್ರೋಮೀಟರ್ ಹಿಡಿದು ಬಾರನ್ನು ಸುತ್ತ ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೆಲ್ಲೂ 5.995. ಒಳ್ಳೇ ಮಾಲು ಸಿಕ್ಕಿದೆ ಎಂದು ಖುಷಿಪಟ್ಟೆ.

ಬುಷ್ ಸೆಟ್ ಮಾಡಿದೆವು. ಬಾರನ್ನು ಕೈಯಲ್ಲಿ ತಳ್ಳಿದಾಗ ಸ್ವಲ್ಪ ಹಿಡಿತ ಸಿಗುವವರೆಗೆ ನಟ್ಟು ಬಿಗಿ ಮಾಡಿ, ಆಮೇಲೆ ಒಂದು ಚೂರು ಸಡಿಲ ಬಿಟ್ಟೆವು. ಯಾವಾಗಲೂ ಮಾಡುವ ಹಾಗೇ. ಪಿನ್ನುಗಳು 3.996 ಬರುತ್ತಿದ್ದವು. ಐವತ್ತಕ್ಕೊಂದು ತೆಗೆದು ಅಳೆಯುತ್ತಿದ್ದೆವು. ಒಂದೂ ಆಚೀಚೆ ಆಗಲಿಲ್ಲ.

ಎರಡನೇ ರಾತ್ರಿ ಆಪರೇಟರ್ ಇಲ್ಲದ ಹೊತ್ತಿನಲ್ಲಿ ಬಾರು ಬುಷ್ಷಿನೊಳಗೆ ಕಚ್ಚಿಕೊಂಡಿತು. ಬೆಳಿಗ್ಗೆ ಬಂದಾಗ ಮೆಷಿನ್ ಓವರ್‌ಲೋಡ್ ಅಲಾರಂ ಕೊಟ್ಟು ನಿಂತಿತ್ತು, ಒಳಗೆಲ್ಲ ಸುಟ್ಟ ಎಣ್ಣೆ ವಾಸನೆ. ಬುಷ್ಷಿನ ಕಾರ್ಬೈಡ್ ಸೀಳಿತ್ತು. ಬಾರನ್ನು ಹಿಡಿಯುವ ಕಾಲೆಟ್ ಜಾರಿದ್ದರಿಂದ ಕೊನೆಯ ಕೆಲವು ಪಿನ್ನುಗಳ ಉದ್ದ ಕಡಿಮೆ ಬಂದಿತ್ತು. ಬಾರನ್ನು ಹೊರಗೆ ತೆಗೆದು ಉದ್ದಕ್ಕೂ ಅಳೆದಾಗ ನಡುವೆ ಒಂದು ಗೇಣಿನಷ್ಟು ಜಾಗದಲ್ಲಿ 6.003 ಇತ್ತು. ಈ ಮೆಷಿನ್ನುಗಳಲ್ಲಿ ಸಾಮಾನ್ಯವಾಗಿ ನೀರು ಬೆರೆಸದ ಕಟಿಂಗ್ ಆಯಿಲ್ ಓಡಿಸುತ್ತೇವೆ, ಅದಕ್ಕೆ ಬೆಂಕಿ ಹತ್ತಬಹುದು. ಆ ರಾತ್ರಿ ಇನ್ನೂ ಏನೇನೋ ಆಗಬಹುದಿತ್ತು ಅನ್ನುವುದು ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ. ಆದರೂ ನಾವು ಅದನ್ನು ಒಂದು ಬಾರಿನ ದೋಷ ಅಂದುಕೊಂಡು ಬೇರೆ ಬುಷ್ ಹಾಕಿ ಮುಂದುವರಿಸಿದೆವು. ಅಲ್ಲೇ ನಿಲ್ಲಿಸಿ ಇಡೀ ಬಂಡಲನ್ನು ಪರೀಕ್ಷೆ ಮಾಡಬೇಕಿತ್ತು.

ಮಾಲು ಹೋದ ಐದನೇ ದಿನ ಕಸ್ಟಮರ್ ಕಡೆಯಿಂದ ಫೋನ್. “ಪಿನ್ನು ಬೋರಿಗೆ ಇಳೀತಾ ಇಲ್ಲ, ಬಂದು ನೋಡಿ.” ಮೈಕ್ರೋಮೀಟರ್ ತಗೊಂಡೇ ಹೋದೆ. ಅವರ ಎದುರಿಗೇ ಅಳೆದೆ, 3.996. ಬೋರು, ಅಂದರೆ ಪಿನ್ನು ಕೂರಬೇಕಾದ ತೂತು, 4.002. ಆರು ಮೈಕ್ರಾನ್ ಸಂದು ಇದ್ದಮೇಲೆ ಪಿನ್ನು ತನ್ನಷ್ಟಕ್ಕೆ ಜಾರಬೇಕು, ಅಲ್ವಾ? ಹೆಬ್ಬೆರಳಿನಲ್ಲಿ ಒತ್ತಿದರೂ ಇಳಿಯಲಿಲ್ಲ. ನನಗೆ ಮಾತೇ ಹೊರಡಲಿಲ್ಲ.

ಅಲ್ಲಿನ ಇನ್‌ಸ್ಪೆಕ್ಟರ್ ಸುಮ್ಮನೆ ಪಿನ್ನನ್ನು 60 ಡಿಗ್ರಿಯ ವಿ-ಬ್ಲಾಕಿನ (V ಆಕಾರದ ಕಚ್ಚು ಇರುವ ಬ್ಲಾಕ್) ಮೇಲಿಟ್ಟು ಮೇಲಿಂದ ಡಯಲ್ ತಾಗಿಸಿದರು. ಬೆರಳ ತುದಿಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿದರು. ಮುಳ್ಳು ಮೂರು ಸಲ ಏರಿತು, ಮೂರು ಸಲ ಇಳಿಯಿತು. ಪ್ರತಿ ಸಲ 24 ಮೈಕ್ರಾನ್. ಪಿನ್ನು ದುಂಡಗೆ ಇರಲೇ ಇಲ್ಲ. ಮೂರು ಕಡೆ ಉಬ್ಬಿತ್ತು.

ಈ ಆಕಾರದಲ್ಲಿ ಒಂದು ಕಡೆ ಉಬ್ಬಿದ್ದರೆ ಸರಿಯಾಗಿ ಅದರ ಎದುರಿಗೆ ಅಷ್ಟೇ ತಗ್ಗು ಇರುತ್ತದೆ. ಮೈಕ್ರೋಮೀಟರ್ ಎದುರುಬದುರು ಎರಡು ಕಡೆ ಮಾತ್ರ ಮುಟ್ಟುವುದು. ಹಾಗಾಗಿ ಎಲ್ಲಿ ಹಿಡಿದರೂ ಒಂದೇ ಅಳತೆ ತೋರಿಸುತ್ತದೆ. ಬೋರು ಮಾತ್ರ ಪಿನ್ನನ್ನು ಸುತ್ತಲೂ ಮುಟ್ಟುತ್ತದೆ. 60 ಡಿಗ್ರಿ ವಿ-ಬ್ಲಾಕಿನಲ್ಲಿ ಮೂರು ಉಬ್ಬಿನ ದೋಷ ಮೂರು ಪಟ್ಟಾಗಿ ಕಾಣುತ್ತದೆ, ಅಂದರೆ ನಿಜವಾದ ತಪ್ಪು 8 ಮೈಕ್ರಾನ್. 3.996ರ ಪಿನ್ನು ಬೋರಿನ ಪಾಲಿಗೆ 4.004ರ ಪಿನ್ನು. ಮತ್ತೆ ಇಳಿಯುವುದು ಹೇಗೆ?

ವಾಪಸ್ ಬಂದು ಉಳಿದ ಬಾರುಗಳನ್ನು ಅದೇ ಥರ ಉರುಳಿಸಿ ನೋಡಿದೆವು. ಅದೇ ಮೂರು ಉಬ್ಬು. ಸೆಂಟರ್‌ಲೆಸ್ ಗ್ರೈಂಡಿಂಗಿನಲ್ಲಿ ಬಾರನ್ನು ಸೆಂಟರಿನಲ್ಲಿ ಹಿಡಿಯುವುದಿಲ್ಲ, ಎರಡು ವೀಲುಗಳ ನಡುವೆ ಒಂದು ಬ್ಲೇಡಿನ ಮೇಲೆ ಕೂತು ತಿರುಗುತ್ತದೆ. ಬ್ಲೇಡಿನ ಎತ್ತರ ಸರಿಯಿಲ್ಲದಿದ್ದರೆ ಇಂಥ ಉಬ್ಬು ಬರುತ್ತದೆ. ಸಪ್ಲೈಯರಿಗೆ ಹೇಳಿದರೆ, “ಸೈಜ್ ಒಳಗೇ ಇದೆಯಲ್ಲ ಸರ್, ನೀವೇ ಅಳೆದು ತಗೊಂಡಿದ್ದೀರಿ” ಅಂದರು. ಆರ್ಡರಿನಲ್ಲಿ ನಾವು ರೌಂಡ್‌ನೆಸ್ ಕೇಳಿರಲಿಲ್ಲ. ಅವರ ಮೇಲೆ ಹಾಕಲು ನನ್ನ ಕೈಯಲ್ಲಿ ಕಾಗದವೇ ಇರಲಿಲ್ಲ.

ಈಗ ಬಾರಿನ ಆರ್ಡರಿನಲ್ಲಿ ಟಾಲರೆನ್ಸ್ ಜೊತೆ ರೌಂಡ್‌ನೆಸ್, ನೇರ ಎಷ್ಟಿರಬೇಕು ಎಂಬುದನ್ನೂ ಬರೆಯುತ್ತೇವೆ. ನೀವೂ ಬರೆಯಿರಿ. ಬರೀ ‘ಗ್ರೌಂಡ್’ ಎಂದರೆ ಸಾಲದು. ಬಾರು ಬಂದಾಗ ಬಂಡಲಿನ ಮೇಲಿನದೊಂದನ್ನು ಮಾತ್ರ ಅಳೆಯಬೇಡಿ, ನಡುವಿನಿಂದಲೂ ತೆಗೆಯಿರಿ, ಉದ್ದಕ್ಕೂ ಅಳೆಯಿರಿ. ವಿ-ಬ್ಲಾಕಿನ ಮೇಲೆ ಉರುಳಿಸಿ ನೋಡಿ. 60 ಡಿಗ್ರಿ ಬ್ಲಾಕ್ ಒಂದನ್ನೇ ನಂಬಬೇಡಿ, ಅದರಲ್ಲಿ ಐದು ಉಬ್ಬಿನ ಬಾರು ಸಿಕ್ಕಿಬೀಳುವುದಿಲ್ಲ. 90 ಡಿಗ್ರಿಯದರಲ್ಲಿ ಮೂರೂ ಕಾಣುತ್ತದೆ, ಐದೂ ಕಾಣುತ್ತದೆ. ಪಿನ್ನಿಗೆ ಗೋ ರಿಂಗ್ ಗೇಜ್ (ಪಿನ್ನಿನ ಗರಿಷ್ಠ ಅಳತೆಯ ತೂತಿರುವ ಉಂಗುರ) ಇಟ್ಟುಕೊಳ್ಳಿ. ಆವತ್ತು ಮೆಷಿನ್ ಪಕ್ಕದಲ್ಲಿ ಅದೊಂದು ಇದ್ದಿದ್ದರೆ ಮೊದಲನೇ ಪಿನ್ನೇ ಒಳಗೆ ಹೋಗದೆ ಎಲ್ಲ ಹೇಳಿಬಿಡುತ್ತಿತ್ತು. ಸ್ಯಾಂಪಲ್ ಪಾಸಾದ ಮೇಲೆ ಬಾರಿನ ಲಾಟು ಬದಲಾದರೆ, ಸ್ಯಾಂಪಲ್ ಇನ್ನೂ ಪಾಸಾಗಿಲ್ಲ ಎಂದೇ ತಿಳಿದು ಮತ್ತೆ ಶುರುವಿನಿಂದ ಅಳೆಯಿರಿ.

ಆ ಬಂಡಲಿನಲ್ಲಿ ಉಳಿದ ಬಾರುಗಳ ಎರಡೂ ತುದಿಗೆ ಕೆಂಪು ಬಣ್ಣ ಬಳಿದು ಬೇರೆ ರ‍್ಯಾಕಿಗೆ ಹಾಕಿದ್ದೇವೆ. ಗೈಡ್ ಬುಷ್ ಇಲ್ಲದ ಲೇತಿನಲ್ಲಿ ಗಿಡ್ಡ ಸ್ಪೇಸರುಗಳಿಗೆ ಒಂದೊಂದಾಗಿ ಖರ್ಚಾಗುತ್ತಿವೆ.