ಗರಸು ರಸ್ತೆ ಗೊತ್ತಿದ್ದವರಿಗೆ ಯಾವ ರ್ಯಾಲಿ ಗೇಮ್?

ಹೊಸದುರ್ಗ, ಹೊಳಲ್ಕೆರೆ ಕಡೆಯ ಗರಸು ದಾರಿಯಲ್ಲಿ ಬೈಕ್ ಓಡಿಸಿದವರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಕೆಳಗೆ ಗಟ್ಟಿ ನೆಲ, ಮೇಲೆ ಸಡಿಲ ಹರಳು. ನೇರ ಹೋಗುವಾಗ ಬ್ರೇಕ್ ಹಿಡಿದರೆ ಗಾಡಿ ಹೇಗೋ ನಿಲ್ಲುತ್ತದೆ, ತಿರುವಿನಲ್ಲಿ ಹಿಡಿದರೆ ಮುಂದಿನ ಚಕ್ರ ಜಾರುತ್ತದೆ. ದಾವಣಗೆರೆ ಸುತ್ತಿನ ಎರೆ ಮಣ್ಣಿನ ದಾರಿಗೆ ಮಳೆ ಬಿದ್ದರೆ ಲೆಕ್ಕವೇ ಬೇರೆ: ಮಣ್ಣು ಟೈರಿಗೆ ಮೆತ್ತಿಕೊಂಡು ಹಿಡಿತವೇ ಉಳಿಯುವುದಿಲ್ಲ. ರ್ಯಾಲಿ ಗೇಮ್ ಎಷ್ಟು ನೈಜ ಎಂದು ಹೇಳಲು ಹೊರಟವರು ಸಾಮಾನ್ಯವಾಗಿ ಧೂಳು, ಮರ, ಸಂಜೆ ಬಿಸಿಲನ್ನು ತೋರಿಸುತ್ತಾರೆ. ಚಕ್ರದ ಕೆಳಗಿನ ಈ ಲೆಕ್ಕ ಗೇಮಿಗೆ ಗೊತ್ತಿದೆಯೇ ಎಂದು ನೋಡುವವರು ಕಡಿಮೆ. ಅದನ್ನೇ ಅಳತೆಗೋಲು ಮಾಡಿಕೊಂಡರೆ 2019ರ ಡರ್ಟ್ ರ್ಯಾಲಿ 2.0 ಮತ್ತು 2023ರ ಇಎ ಸ್ಪೋರ್ಟ್ಸ್ ಡಬ್ಲ್ಯುಆರ್‌ಸಿ ಎರಡನ್ನೂ 2004ರ ರಿಚರ್ಡ್ ಬರ್ನ್ಸ್ ರ್ಯಾಲಿ ಈಗಲೂ ಹಿಂದೆ ಹಾಕುತ್ತದೆ. ಹಾಗಂತ ಎಲ್ಲರೂ ಅದನ್ನೇ ಹಾಕಿಕೊಳ್ಳಿ ಎನ್ನಲಾಗದು.

ಹೋಲಿಸಲು ಒಂದೇ ಜಾತಿಯ ಕಾರು ಬೇಕು. ಸ್ಕೋಡಾ ಫಾಬಿಯಾ ಸರಿಹೊಂದುತ್ತದೆ. ಗೌರವ್ ಗಿಲ್ 2016 ಮತ್ತು 2017ರಲ್ಲಿ ಏಷ್ಯಾ ಪೆಸಿಫಿಕ್ ರ್ಯಾಲಿ ಚಾಂಪಿಯನ್ ಆಗಿದ್ದು ಫಾಬಿಯಾ ಆರ್5ರಲ್ಲಿ. ಚಿಕ್ಕಮಗಳೂರಿನ ಕಾಫಿ ತೋಟಗಳ ನಡುವೆ ಆ ಕಾರಿನ ಸದ್ದು ಕೇಳಿದವರು ನಮ್ಮ ಕಡೆ ಬೇಕಾದಷ್ಟಿದ್ದಾರೆ. ಫಾಬಿಯಾದ ಒಂದಲ್ಲ ಒಂದು ರೂಪ ಮೂರೂ ಕಡೆ ಸಿಗುತ್ತದೆ (ಬರ್ನ್ಸ್‌ನಲ್ಲಿ ಮಾಡ್ ಮೂಲಕ, ಅಂದರೆ ಅಭಿಮಾನಿಗಳು ಮಾಡಿ ಸೇರಿಸಿದ್ದು).

ಮಾಡಬೇಕಾದ ಪರೀಕ್ಷೆ ಸರಳ. ಗರಸಿನ ನೇರ ದಾರಿಯಲ್ಲಿ 100 ಕಿ.ಮೀ. ವೇಗದಲ್ಲಿ ಬ್ರೇಕನ್ನು ಪೂರ್ತಿ ಒತ್ತಿ, ಚಕ್ರ ಲಾಕ್ ಆದಾಗ ಸ್ಟೀರಿಂಗ್ ತಿರುಗಿಸಿ. ನಿಜವಾದ ಕಾರಾದರೆ ಮೂತಿ ತಿರುಗುವುದಿಲ್ಲ, ಬ್ರೇಕ್ ಸ್ವಲ್ಪ ಸಡಿಲಿಸಿದ ಕ್ಷಣ ಕಚ್ಚಿಕೊಂಡು ತಿರುಗುತ್ತದೆ. ಲಾಕ್ ಆದ ಚಕ್ರದ ಮುಂದೆ ಹರಳು ಗುಡ್ಡೆಯಾಗಿ ಕಾರನ್ನು ತಡೆಯುವುದರಿಂದಲೇ ಸಡಿಲ ನೆಲದಲ್ಲಿ, ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇದ್ದರೆ ನಿಲ್ಲುವ ದೂರ ಹೆಚ್ಚುತ್ತದೆ. ಆಮೇಲೆ ಉದ್ದನೆಯ ತಿರುವಿನ ಮಧ್ಯೆ ಆಕ್ಸಿಲರೇಟರ್‌ನಿಂದ ಕಾಲು ತೆಗೆಯಿರಿ. ತೂಕ ಮುಂದಕ್ಕೆ ಬಂದು, ಹಿಂಭಾಗ ಹಗುರಾಗಿ, ಬಾಲ ಹೊರಗೆ ಬರಬೇಕು. ಕೊನೆಗೆ ಎಡ ತಿರುವಿಗೆ ಮುನ್ನ ಬಲಕ್ಕೊಮ್ಮೆ ಎಳೆದು ಎಡಕ್ಕೆ ಹೊರಳಿಸಿ. ಹೊರಳಲು ಕಾರು ಸಮಯ ತೆಗೆದುಕೊಂಡರೆ ಅದಕ್ಕೆ ತೂಕ ಇದೆ. ಸ್ಟೀರಿಂಗ್ ತಿರುಗಿಸಿದ ತಕ್ಷಣ ಹೊರಳಿದರೆ ಇಲ್ಲ.

ಡರ್ಟ್ ರ್ಯಾಲಿ 2.0 ಮೊದಲ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ. ಮೂರನೆಯದರಲ್ಲಿ ಸಿಕ್ಕಿಬೀಳುತ್ತದೆ. ಕಾರಿನ ನಟ್ಟನಡುವೆ ಮೊಳೆ ಹೊಡೆದು ಬುಗುರಿಯಂತೆ ತಿರುಗಿಸಿದ ಅನುಭವ, ಡಾಂಬರು ರಸ್ತೆಯಲ್ಲಂತೂ ಎದ್ದು ಕಾಣುತ್ತದೆ. ಆದರೆ ಇದರಲ್ಲಿ ಒಂದು ಒಳ್ಳೆಯ ಅಂಶವಿದೆ. ಮುಂದೆ ಹೋದ ಕಾರುಗಳು ದಾರಿಯನ್ನು ಅಗೆಯುತ್ತವೆ, ತಡವಾಗಿ ಹೊರಟವರಿಗೆ ಚಕ್ರದ ಜಾಡು ಆಳವಾಗಿರುತ್ತದೆ. ಅರ್ಜೆಂಟೀನಾದ ಕಲ್ಲುದಾರಿಯಲ್ಲಿ ಆ ಜಾಡಿನೊಳಗೆ ಚಕ್ರ ಇಳಿಸಿ ತಿರುಗುವುದನ್ನು ಕಲಿತರೆ ಸೆಕೆಂಡುಗಳು ಉಳಿಯುತ್ತವೆ. ಮುಂದಿನ ತಿರುವುಗಳ ನೋಟ್ಸ್ ಓದಿ ಹೇಳುವವರು ಫಿಲ್ ಮಿಲ್ಸ್, 2003ರ ವಿಶ್ವ ಚಾಂಪಿಯನ್ ಪೆಟರ್ ಸೋಲ್ಬರ್ಗ್‌ಗೆ ಕೋ-ಡ್ರೈವರ್ ಆಗಿದ್ದವರು. 1 ಎಂದರೆ ಬಿಗಿ ತಿರುವು, 6 ಎಂದರೆ ಬಹುತೇಕ ನೇರ. ಕಂಟ್ರೋಲರ್ ಹಿಡಿದು ಆಡುವವರಿಗೂ, ಹೊಸಬರಿಗೂ ಮೂರರಲ್ಲಿ ಇದೇ ಸರಿ.

ಇಎ ಡಬ್ಲ್ಯುಆರ್‌ಸಿ ಡರ್ಟ್ ಮಾಡಿದ ಕೋಡ್‌ಮಾಸ್ಟರ್ಸ್ ತಂಡದ್ದೇ, ಆದರೆ ಅನ್‌ರಿಯಲ್ ಎಂಬ ಬೇರೆ ಗೇಮ್ ಎಂಜಿನ್ ಮೇಲೆ ಕಟ್ಟಿದ್ದು. ಡಾಂಬರು ಸುಧಾರಿಸಿದೆ, ಮೊಳೆ ಹೊಡೆದ ಅನುಭವ ಕಡಿಮೆಯಾಗಿದೆ. ದೊಡ್ಡ ಲಾಭ ಸ್ಟೇಜಿನ, ಅಂದರೆ ಒಂದೊಂದು ಸಲ ಸಮಯ ಅಳೆದು ಓಡಿಸುವ ದಾರಿಯ, ಉದ್ದ. 30 ಕಿ.ಮೀ. ದಾಟುವ ಸ್ಟೇಜುಗಳಿವೆ, ಅಷ್ಟು ಹೊತ್ತು ಗಮನ ಚದುರದಂತೆ ಓಡಿಸುವುದೇ ಒಂದು ನೈಜತೆ. ಗರಸಿನ ಮೇಲೆ ಮಾತ್ರ ಮುಂದಿನ ಚಕ್ರಕ್ಕೆ ಬೇಕಾದ್ದಕ್ಕಿಂತ ಹೆಚ್ಚು ಹಿಡಿತ ಕೊಟ್ಟಿದ್ದಾರೆ. ಕೀನ್ಯಾದ ಕೆಂಪು ದಾರಿ ನೋಡಲು ಚಿತ್ರದುರ್ಗದ ಹಳ್ಳಿ ರಸ್ತೆಯೇ, ಓಡಿಸಲು ಅಲ್ಲ. ತಡವಾಗಿ ಬ್ರೇಕ್ ಹಾಕಿ, ತಪ್ಪಾಗಿ ತಿರುಗಿಸಿದರೂ ಪಾರಾಗಬಹುದು. ಪಿಸಿಯಲ್ಲಿ ಇನ್ನೊಂದು ಕಾಟ, ಆಟ ತಟಕ್ಕನೆ ನಿಂತು ಮುಂದುವರಿಯುವುದು. ಶೇಡರ್ (ದೃಶ್ಯ ಬಿಡಿಸುವ ಸಣ್ಣ ಪ್ರೋಗ್ರಾಂ) ತಯಾರಿ ಆಟದ ನಡುವೆಯೇ ನಡೆಯುವುದು ಇದಕ್ಕೆ ಒಂದು ಕಾರಣ. ಎಸ್‌ಎಸ್‌ಡಿ, 16 ಜಿಬಿ ರ್ಯಾಮ್ ಇಲ್ಲದೆ ಇದರ ಸಹವಾಸ ಬೇಡ. ಫ್ರೇಮ್ ದರವನ್ನು 60ಕ್ಕೆ ಕಟ್ಟಿಹಾಕಿದರೆ ಸ್ವಲ್ಪ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ.

ಇನ್ನು ಹಳೆಯ ಹುಲಿ. 2001ರ ವಿಶ್ವ ಚಾಂಪಿಯನ್ ರಿಚರ್ಡ್ ಬರ್ನ್ಸ್ ಹೆಸರಿನಲ್ಲಿ ವಾರ್ಟ್‌ಹಾಗ್ ಸಂಸ್ಥೆ ಮಾಡಿದ ಗೇಮಿದು. ಫಿಸಿಕ್ಸ್ ಬರೆದವರು ಫಿನ್‌ಲೆಂಡಿನ ಏರೋ ಪೀಟುಲೈನೆನ್. ಅಂಗಡಿಯಲ್ಲಿದ್ದಾಗ 8 ಕಾರು, 6 ದೇಶ ಇದ್ದವು, ಅಷ್ಟೆ. ಈಗ ಆಡುವುದು ರ್ಯಾಲಿಸಿಮ್‌ಫ್ಯಾನ್ಸ್ ಎಂಬ ಹಂಗೇರಿಯ ಅಭಿಮಾನಿಗಳ ಉಚಿತ ಪ್ಯಾಕನ್ನು. ಅದರೊಳಗೆ ಎನ್‌ಜಿಪಿ ಎಂಬ ಹೊಸ ಫಿಸಿಕ್ಸ್, ನೂರಾರು ಸ್ಟೇಜು, ಆನ್‌ಲೈನ್ ರ್ಯಾಲಿಗಳು ಇವೆ. ಮೂರೂ ಪರೀಕ್ಷೆಯಲ್ಲಿ ಇದು ಹೇಳಿದ ಹಾಗೆ ನಡೆದುಕೊಳ್ಳುತ್ತದೆ. ಬ್ರೇಕ್ ಒತ್ತಿಹಿಡಿದು ತಿರುಗಿಸಿದರೆ ನೆಟ್ಟಗೆ ಚರಂಡಿಗೆ. ಕಾಲು ತೆಗೆದರೆ ಬಾಲ ಬರುತ್ತದೆ, ಬಂದದ್ದನ್ನು ಹಿಡಿಯಲು ಎದುರು ಸ್ಟೀರಿಂಗ್ ಜೊತೆ ಆಕ್ಸಿಲರೇಟರೂ ಬೇಕು. ಹೆದರಿ ಕಾಲೆತ್ತಿದರೆ ಕಾರು ಸುತ್ತುತ್ತದೆ. ಡ್ಯಾಮೇಜನ್ನು ರಿಯಲಿಸ್ಟಿಕ್‌ಗೆ ಇಟ್ಟರೆ ಸಣ್ಣ ಗುದ್ದಿಗೆ ರೇಡಿಯೇಟರ್ ಸೋರಿ, ಬಿಸಿಯೇರಿ, ಸ್ಟೇಜ್ ಮುಗಿಯುವ ಮುನ್ನ ಎಂಜಿನ್ ಕೈಕೊಡುತ್ತದೆ. ಮೊದಲು ರಿಡ್ಯೂಸ್ಡ್‌ನಲ್ಲಿಡಿ. ಜೊತೆಗಿರುವ ರ್ಯಾಲಿ ಸ್ಕೂಲನ್ನು ಬಿಡಬೇಡಿ, ಎಡಗಾಲಿನ ಬ್ರೇಕಿಂಗ್ ಕಲಿಯಲು ಅದಕ್ಕಿಂತ ಒಳ್ಳೆಯ ಪಾಠ ಇನ್ನೆರಡು ಗೇಮಿನಲ್ಲಿ ಇಲ್ಲ. ನೋಟ ಮಾತ್ರ 2004ರದ್ದೇ. ಮರಗಳು ರಟ್ಟಿನಲ್ಲಿ ಕತ್ತರಿಸಿದ ಹಾಗಿವೆ. ಇದರಿಂದ ಲಾಭವೂ ಇದೆ: ಕಾಲೇಜಿಗೆ ಕೊಂಡ ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ.

ಈ ಪ್ಯಾಕ್ ಹಾಕಿಕೊಳ್ಳುವಾಗ ಎಡವುವ ಜಾಗಗಳು ಗೊತ್ತಿರಲಿ. ಪ್ರೋಗ್ರಾಂ ಫೈಲ್ಸ್ ಒಳಗೆ ಇನ್‌ಸ್ಟಾಲ್ ಮಾಡಿದರೆ ವಿಂಡೋಸ್ ಬರೆಯಲು ಬಿಡದೆ ಸೆಟ್ಟಿಂಗ್ ಉಳಿಯುವುದಿಲ್ಲ, ಡಿ ಡ್ರೈವಿನಲ್ಲಿ ಬೇರೆ ಫೋಲ್ಡರ್ ಮಾಡಿ. ವಿಂಡೋಸಿನ ವೈರಸ್ ಕಾವಲುಗಾರ ಡಿಫೆಂಡರ್ ಕೆಲವು ಕಡತಗಳನ್ನು ವೈರಸ್ ಎಂದು ಎತ್ತಿಟ್ಟುಬಿಡುತ್ತದೆ, ಅದಕ್ಕೆ ಆ ಫೋಲ್ಡರನ್ನು ಮೊದಲೇ ವಿನಾಯಿತಿ ಪಟ್ಟಿಗೆ ಸೇರಿಸಿ. ಡೇಟಾ ಲೆಕ್ಕ ಹಾಕುವವರು ಎಲ್ಲ ಸ್ಟೇಜುಗಳನ್ನೂ ಒಮ್ಮೆಗೇ ಇಳಿಸದೆ ಬೇಕಾದಷ್ಟನ್ನೇ ಆರಿಸಿಕೊಳ್ಳಲಿ. ಸ್ಟೀರಿಂಗ್ ವೀಲ್ ಕೈಗೆ ಕೊಡುವ ಒತ್ತಡವನ್ನು (ಫೋರ್ಸ್ ಫೀಡ್‌ಬ್ಯಾಕ್) ಡಾಂಬರು, ಗರಸು, ಹಿಮಕ್ಕೆ ಬೇರೆಬೇರೆಯಾಗಿ ಹೊಂದಿಸಬಹುದು. ಗರಸಿನಲ್ಲಿ ಸ್ಟೀರಿಂಗ್ ಹಗುರವಾಗಿರುವುದು ಸಹಜ, ಅದನ್ನು ದೋಷವೆಂದು ತಿಳಿದು ಪೂರ್ತಿ ಏರಿಸಬೇಡಿ.

ಲಾಜಿಟೆಕ್ ಜಿ29 ಸ್ಟೀರಿಂಗ್ ವೀಲ್ ಇದ್ದವರು ಅದರ ಜಿ ಹಬ್ ತಂತ್ರಾಂಶದಲ್ಲಿ ವೀಲ್ ತಿರುಗುವ 900 ಡಿಗ್ರಿಯನ್ನು 540ಕ್ಕೆ ಇಳಿಸಲಿ. ರ್ಯಾಲಿ ಕಾರಿಗೆ ಅಷ್ಟು ಸಾಕು, 900ರಲ್ಲಿ ಎದುರು ಸ್ಟೀರಿಂಗ್ ತಡವಾಗುತ್ತದೆ. ಅದರ ಬ್ರೇಕ್ ಪೆಡಲಿನೊಳಗೆ ರಬ್ಬರ್ ತುಂಡು ಇದೆ, ಕೊನೆಯ ಭಾಗ ಒತ್ತಲು ಗಟ್ಟಿ. ಬರ್ನ್ಸ್‌ನಲ್ಲಿ ಪೆಡಲ್ ಕ್ಯಾಲಿಬ್ರೇಟ್ ಮಾಡುವಾಗ ಆ ಗಟ್ಟಿ ಜಾಗ ಶುರುವಾದ ಸ್ವಲ್ಪ ಆಚೆಗೆ ನಿಲ್ಲಿಸಿದರೆ ಪೂರ್ತಿ ಬ್ರೇಕ್ ಕಾಲಿಗೆ ಸಿಗುತ್ತದೆ. ಜಿ29 ಗಿಯರ್ ಮೇಲೆ ಓಡುವ ವೀಲ್, ಡರ್ಟ್‌ನಲ್ಲಿ ಕೊಲಿಷನ್ ಮತ್ತು ಟೈರ್ ಸ್ಲಿಪ್ ಸೆಟ್ಟಿಂಗ್ ಹೆಚ್ಚಿಟ್ಟರೆ ಕಟಕಟ ಸದ್ದಷ್ಟೇ ಬರುತ್ತದೆ. ಅವೆರಡನ್ನೂ ತಗ್ಗಿಸಿ ಸ್ಟೀರಿಂಗನ್ನು ನಡುವಿಗೆ ಎಳೆಯುವ ಸೆಲ್ಫ್ ಅಲೈನಿಂಗ್ ಟಾರ್ಕನ್ನು ಮುಂದಿಡಿ.

ಪೆಡಲ್ ಜಾರುವುದು ಎಲ್ಲರ ಸಮಸ್ಯೆ, ಕಡಪ ಕಲ್ಲು ಅಥವಾ ಟೈಲ್ಸ್ ನೆಲದಲ್ಲಂತೂ ಹಿಂದೆ ಗೋಡೆಗೆ ತಾಗುವಂತೆ ಮರದ ಪಟ್ಟಿ ಕೊಡದೆ ನಿಲ್ಲುವುದಿಲ್ಲ. ಮಡಚುವ ಪ್ಲಾಸ್ಟಿಕ್ ಟೇಬಲ್ ಬೇಡ, ವೀಲ್ ಅಲುಗಾಡಿದರೆ ರಸ್ತೆಯ ಸುದ್ದಿ ಕೈಗೆ ಬರುವ ಮೊದಲೇ ಟೇಬಲ್ ನುಂಗಿಬಿಡುತ್ತದೆ.

ಸ್ಕ್ರೀನಿನ ಲೆಕ್ಕ ಹೆಚ್ಚಿನವರು ಮಾಡುವುದಿಲ್ಲ. 24 ಇಂಚಿನ ಮಾನಿಟರ್ ಸುಮಾರು 53 ಸೆಂ.ಮೀ. ಅಗಲ. ಕಣ್ಣಿನಿಂದ 60 ಸೆಂ.ಮೀ. ದೂರವಿದ್ದರೆ ಅಡ್ಡ ನೋಟದ ಕೋನ 48 ಡಿಗ್ರಿ, ಲಂಬವಾಗಿ 28. ಗೇಮುಗಳು ಇದಕ್ಕಿಂತ ಬಹಳ ಅಗಲ ಕೊಡುತ್ತವೆ, ವೇಗ ಹೆಚ್ಚು ಅನ್ನಿಸಲಿ ಎಂದು. ಹಾಗೆ ಆಡಿದರೆ ತಿರುವು ದೂರ ಕಂಡು ಬ್ರೇಕ್ ತಡವಾಗುತ್ತದೆ. 28ಕ್ಕೆ ಇಳಿಸಿದರೆ ಇಕ್ಕಟ್ಟಾಗಿ ಪಕ್ಕದ ಕಿಟಕಿ ಕಾಣುವುದಿಲ್ಲ. 35ರ ಆಸುಪಾಸು ಒಪ್ಪಬಹುದಾದ ರಾಜಿ. ಕುರ್ಚಿಯನ್ನು ಮುಂದಕ್ಕೆ ಎಳೆದುಕೊಳ್ಳುವುದು ಅದಕ್ಕಿಂತ ಒಳ್ಳೆಯದು, ಖರ್ಚೂ ಇಲ್ಲ.

ದೇಹಕ್ಕೆ ಬೀಳುವ ಒತ್ತಡ ಮೂರರಲ್ಲಿ ಯಾವುದೂ ಕೊಡುವುದಿಲ್ಲ. ನಿಜವಾದ ಕಾರಿನಲ್ಲಿ ಬಾಲ ಹೊರಬರುವುದು ಮೊದಲು ಸೊಂಟಕ್ಕೆ ತಿಳಿಯುತ್ತದೆ, ಇಲ್ಲಿ ಕಣ್ಣು ಮತ್ತು ಕೈ ಮಾತ್ರ. ಆದ್ದರಿಂದ ಗೇಮಿನಲ್ಲಿ ಹಿಡಿಯಲಾಗದ ಕಾರು ರಸ್ತೆಯ ಮೇಲೆ ಹಿಡಿಯಲು ಸುಲಭವಿರಬಹುದು. ಬರ್ನ್ಸ್ "ಅತಿ ಕಷ್ಟ" ಎಂಬ ದೂರಿನ ಅರ್ಧ ಪಾಲು ಇಲ್ಲಿಂದ ಬಂದದ್ದು.

ಹಳೆಯ ಜಿ29 ಕೊಳ್ಳುವವರು ಲ್ಯಾಪ್‌ಟಾಪ್ ಹಿಡಿದೇ ನೋಡಲು ಹೋಗಿ. ಪ್ಲಗ್ ಹಾಕಿದಾಗ ವೀಲ್ ತಾನಾಗಿ ಎರಡೂ ಕಡೆ ತಿರುಗಿ ನಡುವೆ ನಿಲ್ಲಬೇಕು. ಪೆಡಲನ್ನು ತೀರಾ ನಿಧಾನ ಒತ್ತಿ ಪರದೆಯ ಗೆರೆ ನೋಡಿ. ಗೆರೆ ನಡುಗಿದರೆ ಅಥವಾ ಕಾಲಿಡದಿದ್ದರೂ ಮೇಲೆ ನೆಗೆದರೆ ಪೆಡಲ್ ಎಷ್ಟು ಒತ್ತಿದೆ ಎಂದು ಅಳೆಯುವ ಪೊಟೆನ್ಷಿಯೋಮೀಟರಿಗೆ ಧೂಳು ಹೊಕ್ಕಿದೆ. ನಮ್ಮ ಊರುಗಳ ಧೂಳಿಗೆ ಅದು ಮಾಮೂಲಿ, ಕಾಂಟ್ಯಾಕ್ಟ್ ಕ್ಲೀನರ್ ಹೊಡೆದು ಪೆಡಲನ್ನು ಕೆಲವು ಸಲ ಆಡಿಸಿದರೆ ಬಹಳ ಸಲ ಸರಿಹೋಗುತ್ತದೆ. ಅದನ್ನು ತೋರಿಸಿ ಬೆಲೆ ಇಳಿಸಿಕೊಳ್ಳಬಹುದು. ಸ್ಟೀರಿಂಗ್ ತಿರುಗಿಸುವಾಗ ಒಂದೇ ಜಾಗದಲ್ಲಿ ಗಿಯರ್ ಹಲ್ಲು ತಪ್ಪಿದಂತಾದರೆ ಮಾತ್ರ ಎಷ್ಟು ಇಳಿಸಿದರೂ ಬೇಡ.