ಓಡುವ ಟ್ರೇಲರಿನಲ್ಲಿ ಫ್ರಿಜ್: ನಾಲ್ಕು ಬೇಸಿಗೆಗಳಲ್ಲಿ ನಾನು ಮಾಡಿ ನೋಡಿದ ಹೋಲಿಕೆ

ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿರುವ ನಮ್ಮ ಮನೆಯಿಂದ ಅರಿಜೋನಾದ ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚಿಗೆ ಸುಮಾರು 1,200 ಕಿಲೋಮೀಟರ್ ಆಗುತ್ತದೆ. ಒಳಗೇ ಅಡುಗೆಗೆ, ಮಲಗುವುದಕ್ಕೆ ಜಾಗವಿರುವ ಇಪ್ಪತ್ತನಾಲ್ಕು ಅಡಿಯ ಟ್ರೇಲರನ್ನು ಪಿಕಪ್ ಟ್ರಕ್ಕಿಗೆ ಕಟ್ಟಿಕೊಂಡು, ನಡುವೆ ಬಾರ್‌ಸ್ಟೋದಲ್ಲಿ ಒಂದು ರಾತ್ರಿ ತಂಗಿ, ಎರಡು ದಿನಗಳಲ್ಲಿ ನಾವು ಈ ದಾರಿಯನ್ನು ಮುಗಿಸುತ್ತೇವೆ. ನಾಲ್ಕು ಬೇಸಿಗೆಗಳಲ್ಲಿ ನಾಲ್ಕು ಸಲ ಹೋಗಿಬಂದಿದ್ದೇವೆ. ಪ್ರತಿ ಸಲವೂ ಹಾಸನದಿಂದ ಬಂದ ಅಪ್ಪ ಅಮ್ಮ ಜೊತೆಗಿದ್ದರು. ಪ್ರತಿ ಸಲವೂ ಟ್ರೇಲರಿನ ಫ್ರಿಜ್ಜಿನಲ್ಲಿ ಎರಡು ಡಬ್ಬಿ ದೋಸೆಹಿಟ್ಟು, ಮೊಸರು, ಕಾಯಿತುರಿ, ಹೆಚ್ಚಿಟ್ಟ ತರಕಾರಿ ಮತ್ತು ಇವೆಲ್ಲಕ್ಕಿಂತ ಮುಖ್ಯವಾಗಿ ಅಮ್ಮನ ಇನ್ಸುಲಿನ್ ಇದ್ದವು. ತೆರೆಯದ ಇನ್ಸುಲಿನ್ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇರಬೇಕು, ಹೆಪ್ಪುಗಟ್ಟಲೂ ಬಾರದು. ಆಹಾರದ ಮಟ್ಟಿಗೆ ಅಮೆರಿಕದ ಸರಕಾರಿ ಸಲಹೆಯ ಮಿತಿ ಸುಮಾರು 4 ಡಿಗ್ರಿ.

ಕ್ಯಾಂಪ್‌ಗ್ರೌಂಡಿನಲ್ಲಿ ನಿಂತು 120 ವೋಲ್ಟಿನ ಪ್ಲಗ್ ಚುಚ್ಚಿದ ಮೇಲೆ ಯಾವ ಫ್ರಿಜ್ಜಾದರೂ ಕೆಲಸ ಮಾಡುತ್ತದೆ. ದಿನಕ್ಕೆ ಎಂಟು ಗಂಟೆ ಟ್ರೇಲರ್ ಓಡುತ್ತಿರುವಾಗ ಮಾಡುವುದೇನು ಎನ್ನುವುದೇ ನನ್ನನ್ನು ಕಾಡಿದ ಪ್ರಶ್ನೆ. ಅದಕ್ಕೆ ಬೇರೆ ಬೇರೆ ಉತ್ತರಗಳನ್ನು ಒಂದೇ ದಾರಿಯಲ್ಲಿ, ಒಂದೇ ಬಗೆಯ ಸಾಮಾನು ತುಂಬಿಸಿ ನೋಡಿದ್ದೇನೆ. ಫ್ರಿಜ್ಜಿನ ಒಳಗೊಂದು, ಫ್ರೀಜರ್‌ನಲ್ಲೊಂದು ಸೆನ್ಸರ್ ಇಟ್ಟು ಉಷ್ಣಾಂಶವನ್ನು ದಾಖಲಿಸಿದೆ. ಬ್ಯಾಟರಿಗೆ ಶಂಟ್ (ಹರಿಯುವ ವಿದ್ಯುತ್ತನ್ನು ಅಳೆಯುವ ಸಾಧನ) ಇರುವ ಮಾನಿಟರ್ ಹಾಕಿ, ಒಳಬಂದ ಮತ್ತು ಹೊರಹೋದ ಆಂಪಿಯರ್‌ಗಳನ್ನು ಬರೆದಿಟ್ಟುಕೊಂಡೆ.

ನಾವು ಕೊಂಡ ಹಳೆಯ ಟ್ರೇಲರಿನಲ್ಲಿ ಇದ್ದದ್ದು ಆರು ಘನ ಅಡಿಯ ಅಬ್ಸಾರ್ಪ್ಷನ್ ಫ್ರಿಜ್. 1922ರಲ್ಲಿ ಸ್ಟಾಕ್‌ಹೋಮ್‌ನ ರಾಯಲ್ ತಾಂತ್ರಿಕ ವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳಾದ ಬಾಲ್ಟ್ಸಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದ ಯಂತ್ರ ಅದು. ಅದರಲ್ಲಿ ಮೋಟರ್ ಇಲ್ಲ, ಕಂಪ್ರೆಸರ್ ಇಲ್ಲ. ಹಿಂಬದಿಯ ಕೊಳವೆಗಳಲ್ಲಿ ಅಮೋನಿಯಾ, ನೀರು ಮತ್ತು ಹೈಡ್ರೋಜನ್ ಇರುತ್ತವೆ. ಬುಡದಲ್ಲಿ ಶಾಖ ಕೊಟ್ಟರೆ ಅಮೋನಿಯಾ ನೀರಿನಿಂದ ಬೇರ್ಪಟ್ಟು ಮೇಲೇರಿ, ತಣಿದು ದ್ರವವಾಗಿ, ಹೈಡ್ರೋಜನ್ ತುಂಬಿದ ಭಾಗದಲ್ಲಿ ಆವಿಯಾಗುವಾಗ ಒಳಗಿನ ಶಾಖವನ್ನು ಹೀರಿಕೊಳ್ಳುತ್ತದೆ. ಶಾಖ ಗ್ಯಾಸಿನಿಂದ ಬಂದರೂ ಆಯಿತು, ವಿದ್ಯುತ್ತಿನ ಕಾಯಿಲ್‌ನಿಂದ ಬಂದರೂ ಆಯಿತು. ಆದ್ದರಿಂದ ಈ ಫ್ರಿಜ್ಜಿಗೆ ಓಡುವಾಗ ಮೂರು ದಾರಿಗಳಿವೆ: ಗ್ಯಾಸ್ ಉರಿಸುವುದು, ಇನ್ವರ್ಟರ್ ಮೂಲಕ ವಿದ್ಯುತ್ ಕೊಡುವುದು, ಅಥವಾ ಆರಿಸಿ ಬಾಗಿಲು ಮುಚ್ಚಿಡುವುದು.

ಕೊನೆಯದನ್ನು ಮೊದಲು ಹೇಳಿ ಮುಗಿಸುತ್ತೇನೆ. ಹಿಂದಿನ ರಾತ್ರಿಯೇ ಫ್ರಿಜ್ಜನ್ನು 2 ಡಿಗ್ರಿಗೆ ಇಳಿಸಿ, ಗಟ್ಟಿಯಾಗಿ ಹೆಪ್ಪುಗಟ್ಟಿದ ನಾಲ್ಕು ನೀರಿನ ಬಾಟಲಿಗಳನ್ನು ಅದರೊಳಗೆ ಇಟ್ಟು, ಬೆಳಿಗ್ಗೆ ಆರಿಸಿ ಹೊರಟೆವು. ಬಾಗಿಲು ತೆರೆಯದೆ ನಾಲ್ಕು ಗಂಟೆ ಕಳೆದಾಗ ಒಳಗೆ 5 ಡಿಗ್ರಿ ಇತ್ತು. ಮಧ್ಯಾಹ್ನ ಮೊಸರನ್ನಕ್ಕೆಂದು ಎರಡು ಸಲ ತೆರೆದ ಮೇಲೆ, ಏಳನೆಯ ಗಂಟೆಗೆ 9 ಡಿಗ್ರಿ ತೋರಿಸಿತು. ವಿದ್ಯುತ್ ಹೋದಾಗ ಮುಚ್ಚಿದ ಫ್ರಿಜ್ ನಾಲ್ಕು ಗಂಟೆ ತಡೆಯುತ್ತದೆ ಎಂಬ ಸಾಮಾನ್ಯ ಸಲಹೆಗೆ ಇದು ಹತ್ತಿರವಾಗಿಯೇ ಇದೆ. ಅರ್ಧ ದಿನದ ಪ್ರಯಾಣದವರಿಗೆ ಇದಕ್ಕಿಂತ ಅಗ್ಗವಾದ, ಸುರಕ್ಷಿತವಾದ ಉಪಾಯ ಇಲ್ಲ, ಅವರು ಒಂದು ಡಾಲರನ್ನೂ ಖರ್ಚು ಮಾಡಬೇಕಾಗಿಲ್ಲ. ನಮ್ಮ ದಾರಿಗೆ ಮಾತ್ರ ಅದು ಸಾಲದು.

ಗ್ಯಾಸ್ ಉರಿಸಿಕೊಂಡೇ ಓಡಿಸುವುದು ಅಮೆರಿಕದಲ್ಲಿ ಬಹಳ ಮಂದಿ ಮಾಡುವ ಕೆಲಸ. ಟ್ರೇಲರಿನ ಮೂತಿಯ ಮೇಲೆ ಕೂರುವ 20 ಪೌಂಡಿನ, ಅಂದರೆ ಸುಮಾರು 9 ಕಿಲೋ ಪ್ರೊಪೇನ್ ಹಿಡಿಸುವ ಸಿಲಿಂಡರ್ ಒಂದು ಫ್ರಿಜ್ಜನ್ನು ಹತ್ತು ಹನ್ನೆರಡು ದಿನ ನಡೆಸುತ್ತದೆ. ನಮ್ಮೂರಿನ ಅಡುಗೆಮನೆಯ 14.2 ಕಿಲೋ ಸಿಲಿಂಡರಿಗಿಂತ ಚಿಕ್ಕದಾದ ಅದು ಇಷ್ಟು ದಿನ ಬಾಳುವುದನ್ನು ಕಂಡು ಅಪ್ಪನಿಗೆ ಆಶ್ಚರ್ಯವಾಯಿತು. ಬ್ಯಾಟರಿಯಿಂದ ನಿಯಂತ್ರಣ ಫಲಕಕ್ಕೆ ಬೇಕಾಗುವುದು ಒಂದು ಆಂಪಿಯರಿಗಿಂತಲೂ ಕಡಿಮೆ. ಟ್ರೇಲರನ್ನು ನಿಲ್ಲಿಸಿದಾಗ ಈ ಫ್ರಿಜ್ ಮಟ್ಟಸವಾಗಿರಲೇಬೇಕು. ಓರೆಯಾದರೆ ದ್ರವ ಒಂದೆಡೆ ನಿಂತು, ಬುಡ ವಿಪರೀತ ಕಾದು, ಕೊಳವೆ ಶಾಶ್ವತವಾಗಿ ಕೆಡುತ್ತದೆ. ಓಡುವಾಗ ಮಾತ್ರ ಎಲ್ಲವೂ ಅತ್ತಿತ್ತ ಅಲುಗಾಡುತ್ತಿರುವುದರಿಂದ ಆ ಭಯವಿಲ್ಲ.

ಮೊದಲ ಬೇಸಿಗೆ ನಾವು ಹೀಗೆಯೇ ಹೊರಟೆವು. ಬೇಕರ್ಸ್‌ಫೀಲ್ಡ್‌ನಲ್ಲಿ ಇಂಧನ ತುಂಬಿಸುವ ಮುನ್ನ ಫ್ರಿಜ್ ಆರಿಸಿ, ಬಂಕ್ ದಾಟಿದ ಮೇಲೆ ಮತ್ತೆ ಹಚ್ಚಿದೆ. ಪೆಟ್ರೋಲಿನ ಆವಿಯ ಹತ್ತಿರ ತೆರೆದ ಉರಿಯನ್ನು ಒಯ್ಯುವುದು ಎಂದಿಗೂ ಸಲ್ಲದು. ಅಲ್ಲಿಂದ ಟೆಹಚಪಿ ಬೆಟ್ಟಗಳನ್ನು ಏರಿ ಮೊಹಾವಿ ಮರುಭೂಮಿಗೆ ಇಳಿಯುವ 58ನೇ ಹೆದ್ದಾರಿಯ ಪಕ್ಕದಲ್ಲಿ ಸಾಲು ಸಾಲು ಗಾಳಿಯಂತ್ರಗಳಿವೆ; ಅಲ್ಲಿ ಗಾಳಿ ಎಷ್ಟು ಬೀಸುತ್ತದೆ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಅಡ್ಡಗಾಳಿ ಫ್ರಿಜ್ಜಿನ ಹೊರಗಿನ ಜಾಲರಿಯಿಂದ ನುಗ್ಗಿ ಉರಿಯನ್ನು ನಂದಿಸಿತು. ಫಲಕ ಕೆಲವು ಸಲ ತಾನೇ ಹಚ್ಚಲು ನೋಡಿ, ಸೋತು, ಕೆಂಪು ದೀಪ ತೋರಿಸಿ ಸುಮ್ಮನಾಗಿತ್ತು. ಆ ದೀಪ ಇರುವುದು ಟ್ರೇಲರಿನ ಒಳಗೆ, ನಾವಿದ್ದದ್ದು ಟ್ರಕ್ಕಿನಲ್ಲಿ. ದಾರಿಯಲ್ಲಿ ಊಟಕ್ಕೆ ಒಂದು ಗಂಟೆ ನಿಂತಾಗಲೂ ಟ್ರೇಲರಿನ ಬಾಗಿಲು ತೆಗೆಯಲಿಲ್ಲ.

ಸಂಜೆ ಆರಕ್ಕೆ ಬಾರ್‌ಸ್ಟೋದಲ್ಲಿ ಬಾಗಿಲು ತೆರೆದಾಗ ಹುಳಿ ವಾಸನೆ ಬಂತು. ದೋಸೆಹಿಟ್ಟು ಉಬ್ಬಿ, ಡಬ್ಬಿಯ ಮುಚ್ಚಳವನ್ನು ಎತ್ತಿ, ಫ್ರಿಜ್ಜಿನ ಮೇಲಿನ ತಟ್ಟೆಯಿಂದ ಕೆಳಗಿನ ತರಕಾರಿ ಡಬ್ಬದವರೆಗೆ ಇಳಿದಿತ್ತು. ಸೆನ್ಸರ್ 10 ಡಿಗ್ರಿ ತೋರಿಸುತ್ತಿತ್ತು. ದಾಖಲೆಯನ್ನು ನೋಡಿದರೆ ಮಧ್ಯಾಹ್ನ ಎರಡೂವರೆಯಿಂದಲೇ ಅದು ಏರತೊಡಗಿತ್ತು. ಇನ್ಸುಲಿನ್ ಹಾಳಾಗಿರಲಿಲ್ಲ, ಏಕೆಂದರೆ ಅದು ಸಾಮಾನ್ಯ ಕೋಣೆಯ ಉಷ್ಣಾಂಶದಲ್ಲಿ ನಾಲ್ಕು ವಾರದವರೆಗೂ ತಡೆಯುತ್ತದೆ. ಆದರೆ ಮುಚ್ಚಿದ ಟ್ರೇಲರಿನೊಳಗೆ ಅಂದು 41 ಡಿಗ್ರಿ ಇತ್ತು, ಇನ್ನೂ ನಾಲ್ಕೈದು ಗಂಟೆ ತಡವಾಗಿದ್ದರೆ ನನಗೆ ಅಷ್ಟು ಧೈರ್ಯ ಇರುತ್ತಿರಲಿಲ್ಲ. ಅಮ್ಮ ಏನೂ ಹೇಳದೆ ಒದ್ದೆ ಬಟ್ಟೆ ಹಿಡಿದು ಹಿಟ್ಟು ಒರೆಸುತ್ತಾ ನಿಂತದ್ದು ಈಗಲೂ ಕಣ್ಣಿಗೆ ಕಟ್ಟಿದಂತಿದೆ.

ಗ್ಯಾಸಿಗೆ ಇನ್ನೆರಡು ಮಿತಿಗಳಿವೆ. ಸುಮಾರು 5,500 ಅಡಿಗಿಂತ ಎತ್ತರದಲ್ಲಿ ಗಾಳಿ ತೆಳುವಾಗಿ ಉರಿ ಸರಿಯಾಗಿ ನಿಲ್ಲುವುದಿಲ್ಲವೆಂದು ತಯಾರಕರ ಕೈಪಿಡಿಗಳೇ ಎಚ್ಚರಿಸುತ್ತವೆ, ಗ್ರ್ಯಾಂಡ್ ಕ್ಯಾನ್ಯನ್‌ನ ದಕ್ಷಿಣ ಅಂಚು ಇರುವುದು ಸುಮಾರು 7,000 ಅಡಿಯಲ್ಲಿ. ಪೂರ್ವ ಕರಾವಳಿಯಲ್ಲಿರುವವರಿಗೆ ಸುರಂಗಗಳ ತೊಡಕು ಇದೆ. ಬಾಲ್ಟಿಮೋರ್‌ನ ಫೋರ್ಟ್ ಮೆಕ್‌ಹೆನ್ರಿ ಮತ್ತು ಹಾರ್ಬರ್ ಸುರಂಗಗಳೊಳಗೆ ಇಂತಹ ಸಿಲಿಂಡರ್ ಹೊತ್ತ ಆರ್‌ವಿಗಳನ್ನು (ಟ್ರೇಲರ್, ಮೋಟರ್‌ಹೋಮ್‌ನಂತಹ ವಾಸದ ವಾಹನಗಳನ್ನು) ಬಿಡುವುದಿಲ್ಲ, ವಾಲ್ವ್ ಮುಚ್ಚಿದ್ದರೂ ಬಿಡುವುದಿಲ್ಲ. ಸುರಂಗಗಳಿಗೆ ಬದಲಿ ದಾರಿಯಾಗಿದ್ದ, ಈ ಸುರಂಗಗಳಿಗೆ ಬದಲಿ ದಾರಿಯಾಗಿದ್ದ ಫ್ರಾನ್ಸಿಸ್ ಸ್ಕಾಟ್ ಕೀ ಸೇತುವೆ 2024ರ ಮಾರ್ಚ್ 26ರಂದು ಕುಸಿದ ಮೇಲೆ, ಅವರು ನಗರದ ವರ್ತುಲ ರಸ್ತೆಯಾದ 695ನೇ ಬೆಲ್ಟ್‌ವೇಯ ಪಶ್ಚಿಮ ಭಾಗವನ್ನು ಸುತ್ತಿಕೊಂಡೇ ಹೋಗಬೇಕು. ಜೊತೆಗೆ, ಅಪಘಾತದಲ್ಲಿ ಕೊಳವೆ ಹರಿದರೆ ಆಗುವ ಅಪಾಯವನ್ನು ತೂಗಿ ನೋಡುವುದು ಅವರವರಿಗೇ ಬಿಟ್ಟದ್ದು. ಹಿರಿಯರು ಜೊತೆಗಿರುವಾಗ ನಾನು ಆ ಉರಿಯನ್ನು ಇನ್ನು ಹಚ್ಚಲಾರೆ.

ಎರಡನೆಯ ಬೇಸಿಗೆ ಅದೇ ಫ್ರಿಜ್ಜನ್ನು ಇನ್ವರ್ಟರಿನಿಂದ ನಡೆಸಿದೆ. ಇದು ಕಾಗದದ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಅಬ್ಸಾರ್ಪ್ಷನ್ ಫ್ರಿಜ್ಜಿನ ಕಾಯಿಲ್ ಸುಮಾರು 300 ವ್ಯಾಟ್ ಎಳೆಯುತ್ತದೆ. ಇನ್ವರ್ಟರಿನ ನಷ್ಟ ಸೇರಿಸಿದರೆ 12 ವೋಲ್ಟಿನ ಬ್ಯಾಟರಿಯಿಂದ 28 ಆಂಪಿಯರ್ ಹೊರಡುತ್ತದೆ, ಅದೂ ಬಿಸಿ ದಿನಗಳಲ್ಲಿ ಬಿಡುವಿಲ್ಲದೆ. ನಮ್ಮಲ್ಲಿದ್ದದ್ದು ಗಾಲ್ಫ್ ಕಾರ್ಟಿನ 6 ವೋಲ್ಟಿನ ಎರಡು ಲೆಡ್ ಆಸಿಡ್ ಬ್ಯಾಟರಿಗಳು, ಒಟ್ಟು 220 ಆಂಪಿಯರ್-ಅವರ್ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ ಒಂದು ಆಂಪಿಯರ್-ಅವರ್). ಬಾಳಿಕೆ ಬರಬೇಕಾದರೆ ಅದರಲ್ಲಿ ಅರ್ಧವನ್ನು ಮಾತ್ರ ಬಳಸಬಹುದು. ಟ್ರಕ್ಕಿನಿಂದ ಏಳು ಪಿನ್ನಿನ ಕನೆಕ್ಟರ್ ಮೂಲಕ ಚಾರ್ಜ್ ಬರುತ್ತದಲ್ಲ, ಅದು ಸರಿದೂಗಿಸುತ್ತದೆ ಎಂದು ನಾನು ನಂಬಿದ್ದೆ. ಮಾನಿಟರಿನಲ್ಲಿ ಕಂಡದ್ದು ಏಳೆಂಟು ಆಂಪಿಯರ್ ಮಾತ್ರ.

ಇದರ ಕಾರಣವನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಮುಂದಿನ ಎಲ್ಲ ತೀರ್ಮಾನವೂ ಇದರ ಮೇಲೆಯೇ ನಿಂತಿದೆ. ಆ ಕನೆಕ್ಟರಿಗೆ ಬರುವ ಹತ್ತು ಗೇಜಿನ ತಾಮ್ರದ ತಂತಿಯ (ಗೇಜಿನ ಸಂಖ್ಯೆ ಕಡಿಮೆಯಾದಷ್ಟೂ ತಂತಿ ದಪ್ಪ) ರೋಧ ಸಾವಿರ ಅಡಿಗೆ ಸುಮಾರು 1 ಓಮ್. ಟ್ರಕ್ಕಿನ ಮುಂಭಾಗದಲ್ಲಿ ಎಂಜಿನ್ನಿನಿಂದ ತಿರುಗಿ ವಿದ್ಯುತ್ ಕೊಡುವ ಆಲ್ಟರ್ನೇಟರಿನಿಂದ ಟ್ರೇಲರಿನ ಬ್ಯಾಟರಿಗೆ 30 ಅಡಿ, ಹಿಂತಿರುಗುವ ದಾರಿಯೂ ಸೇರಿದರೆ 60 ಅಡಿ. ಅದರಲ್ಲಿ 20 ಆಂಪಿಯರ್ ಹರಿದರೆ 1.2 ವೋಲ್ಟ್ ದಾರಿಯಲ್ಲೇ ಕರಗುತ್ತದೆ. ಆಲ್ಟರ್ನೇಟರಿನಲ್ಲಿ 14 ವೋಲ್ಟ್ ಇದ್ದದ್ದು ಬ್ಯಾಟರಿಯ ಹತ್ತಿರ 13ಕ್ಕೂ ಕೆಳಗಿಳಿದರೆ ಅದು ಚಾರ್ಜ್ ಆಗುವುದಾದರೂ ಹೇಗೆ? ಸಾಲದ್ದಕ್ಕೆ, ಇತ್ತೀಚಿನ ಟ್ರಕ್ಕುಗಳು ತಮ್ಮ ಬ್ಯಾಟರಿ ತುಂಬಿದೊಡನೆ ಇಂಧನ ಉಳಿಸಲೆಂದು ಆಲ್ಟರ್ನೇಟರಿನ ವೋಲ್ಟೇಜನ್ನು ತಾವೇ ತಗ್ಗಿಸುತ್ತವೆ. ಐದು ಗಂಟೆಯ ಓಟದಲ್ಲಿ ನಮ್ಮ ಬ್ಯಾಟರಿ 100 ಆಂಪಿಯರ್-ಅವರ್ ಕಳೆದುಕೊಂಡಿತು. ದಕ್ಷಿಣ ಅಂಚಿನಲ್ಲಿರುವ, ಹುಕಪ್ (ವಿದ್ಯುತ್ ಮುಂತಾದ ಸಂಪರ್ಕ) ಇಲ್ಲದ ಮಾದರ್ ಕ್ಯಾಂಪ್‌ಗ್ರೌಂಡಿಗೆ ಹೋಗಿ ಸೇರುವಾಗ, ಚಳಿಯ ರಾತ್ರಿಯಲ್ಲಿ ಹೀಟರಿನ ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಉಳಿದಿರಲಿಲ್ಲ. ಬೇರೆ ಯಾರಿಗೂ ನಾನು ಈ ವಿಧಾನವನ್ನು ಸೂಚಿಸುವುದಿಲ್ಲ.

ಮೂರನೆಯ ಬೇಸಿಗೆಗೆ ಮುಂಚೆ ಫ್ರಿಜ್ಜನ್ನೇ ಬದಲಿಸಿದೆವು. ಹೊಸದು ನೇರವಾಗಿ 12 ವೋಲ್ಟಿನಲ್ಲಿ ಓಡುವ ಕಂಪ್ರೆಸರ್ ಫ್ರಿಜ್. ಹಿಂಬದಿಯ ಕೊಳವೆಗಳ ಗೋಜು ಇಲ್ಲದ ಕಾರಣ ಹಳೆಯ ಜಾಗದಲ್ಲಿಯೇ ಹೆಚ್ಚು ಸಾಮಾನು ಹಿಡಿಸುತ್ತದೆ, ಓರೆಯಾಗಿ ನಿಂತರೂ ಕೆಡುವುದಿಲ್ಲ, ಹಚ್ಚಿದ ಎರಡು ಮೂರು ಗಂಟೆಗಳಲ್ಲಿ ತಣ್ಣಗಾಗುತ್ತದೆ. ಹಳೆಯದಕ್ಕೆ ಹನ್ನೆರಡು ಗಂಟೆ ಬೇಕಿತ್ತು. ಕಂಪ್ರೆಸರ್ ತಿರುಗುವಾಗ 5.5 ಆಂಪಿಯರ್ ಎಳೆಯುತ್ತದೆ, ಆದರೆ ಸದಾ ತಿರುಗುವುದಿಲ್ಲ. ಸಾಧಾರಣ ದಿನದಲ್ಲಿ 24 ಗಂಟೆಗೆ 55 ಆಂಪಿಯರ್-ಅವರ್ ತೆಗೆದುಕೊಂಡಿತು, ನೀಡಲ್ಸ್ ಊರಿನ 45 ಡಿಗ್ರಿ ಬಿಸಿಲು ಸಿಕ್ಕ ದಿನ 86. ಹಳೆಯ ಫ್ರಿಜ್ ಇನ್ವರ್ಟರಿನಲ್ಲಿ ಮೂರು ಗಂಟೆಗೆ ಕಬಳಿಸುತ್ತಿದ್ದ ಶಕ್ತಿಯಲ್ಲಿ ಇದು ಇಡೀ ದಿನ ನಡೆಯಿತು. ಅಷ್ಟೇ ಮುಖ್ಯವಾಗಿ, ನೀಡಲ್ಸ್‌ನಲ್ಲಿಯೂ ಒಳಗಿನ ಉಷ್ಣಾಂಶ 4 ಡಿಗ್ರಿ ದಾಟಲಿಲ್ಲ. ಅಬ್ಸಾರ್ಪ್ಷನ್ ಫ್ರಿಜ್ ಚೆನ್ನಾಗಿ ಉರಿಯುತ್ತಿದ್ದಾಗಲೂ ಅದೇ ಜಾಗದಲ್ಲಿ 7 ಡಿಗ್ರಿ ತೋರಿಸಿತ್ತು.

ಹಳೆಯ ಬ್ಯಾಟರಿ ಮತ್ತು ಏಳು ಪಿನ್ನಿನ ತಂತಿಯೇ ಆಗಲೂ ಇದ್ದವು. ಓಡುವಾಗ ಏಳೆಂಟು ಆಂಪಿಯರ್ ಬರುತ್ತದೆ, ಮೂರು ನಾಲ್ಕು ಖರ್ಚಾಗುತ್ತದೆ, ಹಾಗಾಗಿ ದಾರಿಯಲ್ಲಿ ಯಾವ ಚಿಂತೆಯೂ ಇರಲಿಲ್ಲ. ತಂಗಿದ ಎರಡನೆಯ ರಾತ್ರಿ ಮಾತ್ರ ಬ್ಯಾಟರಿ ಅರ್ಧಕ್ಕಿಂತ ಕೆಳಗೆ ಹೋಯಿತು. ಛಾವಣಿಯ 400 ವ್ಯಾಟಿನ ಸೌರಫಲಕ ಬಯಲಿನಲ್ಲಿ ಜೂನ್ ತಿಂಗಳ ಒಂದು ದಿನಕ್ಕೆ 120 ಆಂಪಿಯರ್-ಅವರ್ ಕೊಟ್ಟರೂ, ಮಾದರ್‌ನ ಪಾಂಡೆರೋಸಾ ಪೈನ್ ಮರಗಳ ನೆರಳಿನಲ್ಲಿ 30 ದಾಟಲಿಲ್ಲ.

ಆದ್ದರಿಂದ ನಾಲ್ಕನೆಯ ಬೇಸಿಗೆಗೆ 200 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಮತ್ತು 30 ಆಂಪಿಯರ್‌ನ ಡಿಸಿ-ಡಿಸಿ ಚಾರ್ಜರ್ ಹಾಕಿದೆವು. ಟ್ರಕ್ಕಿನ ಬ್ಯಾಟರಿಯಿಂದ ನಾಲ್ಕು ಗೇಜಿನ ದಪ್ಪ ತಂತಿಯನ್ನು, ಎರಡೂ ತುದಿಗೆ ಫ್ಯೂಸ್ ಇಟ್ಟು, ಪ್ರತ್ಯೇಕ ಕನೆಕ್ಟರಿನೊಂದಿಗೆ ಎಳೆಸಿದೆ. ಈ ಚಾರ್ಜರ್ ಎರಡು ಕೆಲಸ ಮಾಡುತ್ತದೆ: ಇಳಿದುಬಂದ ವೋಲ್ಟೇಜನ್ನು 14.4ರವರೆಗೆ ಏರಿಸುತ್ತದೆ, ಮತ್ತು ಲಿಥಿಯಂ ಬ್ಯಾಟರಿ ಆಲ್ಟರ್ನೇಟರಿನಿಂದ ಮಿತಿಮೀರಿ ಎಳೆದು ಅದನ್ನು ಸುಡದಂತೆ ತಡೆಯುತ್ತದೆ. ಬಾರ್‌ಸ್ಟೋದಿಂದ ಕ್ಯಾನ್ಯನ್‌ವರೆಗಿನ ಓಟದಲ್ಲಿ, ಕಾಲು ಭಾಗ ಮಾತ್ರ ಉಳಿದಿದ್ದ ಬ್ಯಾಟರಿ ಫ್ರಿಜ್ಜನ್ನೂ ನಡೆಸಿಕೊಂಡು ಪೂರ್ತಿ ತುಂಬಿತು. ನೆರಳಿನಲ್ಲಿ ಮೂರು ದಿನ ನಿಂತರೂ ತೊಂದರೆಯಾಗಲಿಲ್ಲ. ಫ್ರಿಜ್ಜಿಗೆ 1,200, ಬ್ಯಾಟರಿಗೆ 800, ಚಾರ್ಜರ್ ಮತ್ತು ತಂತಿಗೆ 350 ಡಾಲರ್ ಖರ್ಚಾಯಿತು. ಮತ್ತೊಮ್ಮೆ ಮಾಡುವುದಾದರೆ ತಂತಿ ಮತ್ತು ಚಾರ್ಜರನ್ನು ಮೊದಲು ಹಾಕಿಸುತ್ತಿದ್ದೆ, ಫ್ರಿಜ್ಜನ್ನು ಆಮೇಲೆ ಬದಲಿಸುತ್ತಿದ್ದೆ.

ಒಮ್ಮೆ ಯೆಲ್ಲೋಸ್ಟೋನ್‌ಗೆ ಬಾಡಿಗೆಯ ಮೋಟರ್‌ಹೋಮ್‌ನಲ್ಲಿ ಹೋದಾಗ, ಮನೆಯಲ್ಲಿರುವಂತಹ 120 ವೋಲ್ಟಿನ ದೊಡ್ಡ ಫ್ರಿಜ್ಜನ್ನೂ ನೋಡಿದೆ. ಓಡುವಾಗ ಆಲ್ಟರ್ನೇಟರ್ ಅದನ್ನು ಸಲೀಸಾಗಿ ಹೊತ್ತುಕೊಂಡಿತು. ನಿಂತಾಗ ಮಾತ್ರ, ಫ್ರಿಜ್ ಸುಮ್ಮನಿದ್ದರೂ ಇನ್ವರ್ಟರ್ ತಾನೇ ಸದಾ ಎರಡು ಆಂಪಿಯರ್ ತಿನ್ನುತ್ತಿತ್ತು. ದಿನಕ್ಕೆ ಅದೇ ಸುಮಾರು 50 ಆಂಪಿಯರ್-ಅವರ್ ಆಗುತ್ತದೆ, ನಮ್ಮ ಕಂಪ್ರೆಸರ್ ಫ್ರಿಜ್ಜಿನ ಇಡೀ ದಿನದ ಊಟದಷ್ಟು. ಪ್ರತಿ ರಾತ್ರಿ ಹುಕಪ್ ಇರುವಲ್ಲೇ ತಂಗುವವರಿಗೆ ಅದು ಹಿತವಾದೀತು. ಓಡುತ್ತಿರುವಾಗಲೇ ನಾಲ್ಕು ಸಾವಿರ ವ್ಯಾಟಿನ ಜನರೇಟರ್ ಹಚ್ಚುವವರೂ ಇದ್ದಾರೆ. ಏಸಿಗಾದರೆ ಸರಿ, ನೂರಿಪ್ಪತ್ತು ವ್ಯಾಟಿನ ಫ್ರಿಜ್ಜಿಗಾಗಿ ಅಷ್ಟು ಪೆಟ್ರೋಲ್ ಸುಡುವುದು ನನಗೆ ಒಪ್ಪಿಗೆಯಾಗಲಿಲ್ಲ.

ಈಗಿನ ವ್ಯವಸ್ಥೆಯಲ್ಲಿ ಉಳಿದಿರುವ ತೊಡಕು ಚಳಿಗಾಲದ್ದು. ಲಿಥಿಯಂ ಬ್ಯಾಟರಿಯನ್ನು 0 ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಬಾರದು, ಕ್ಯಾನ್ಯನ್‌ನ ಡಿಸೆಂಬರ್ ರಾತ್ರಿಗಳು ಅದಕ್ಕಿಂತ ಬಹಳ ಕೆಳಗಿಳಿಯುತ್ತವೆ. ಅದಕ್ಕಾಗಿ ಬ್ಯಾಟರಿಯನ್ನು ಹೊರಗಿನ ಪೆಟ್ಟಿಗೆಯಿಂದ ತೆಗೆದು ಮಂಚದ ಕೆಳಗೆ ತಂದಿಟ್ಟಿದ್ದೇನೆ. ಎಷ್ಟೇ ದಪ್ಪ ತಂತಿ ಹಾಕಿದರೂ ಫ್ಯೂಸ್ ಒಂದು ಹೋದರೆ ಫ್ರಿಜ್ ನಿಲ್ಲುತ್ತದೆ. ಆದ್ದರಿಂದ ಅಮ್ಮನ ಇನ್ಸುಲಿನ್‌ನಲ್ಲಿ ಅರ್ಧ ಫ್ರಿಜ್ಜಿನ ನಡುತಟ್ಟೆಯಲ್ಲಿದ್ದರೆ, ಉಳಿದರ್ಧ ಬಟ್ಟೆ ಸುತ್ತಿದ ತಂಪು ಜೆಲ್‌ನ ಜೊತೆ ಫ್ಲಾಸ್ಕಿನಲ್ಲಿ ಟ್ರಕ್ಕಿನ ಹಿಂದಿನ ಸೀಟಿನ ಮೇಲೆ ಅಮ್ಮನ ಪಕ್ಕದಲ್ಲೇ ಪ್ರಯಾಣ ಮಾಡುತ್ತದೆ. ಉಷ್ಣಾಂಶದ ಪರದೆಯನ್ನು ಟ್ರಕ್ಕಿನ ಡ್ಯಾಶ್‌ಬೋರ್ಡಿಗೆ ಅಂಟಿಸಿದ್ದೇನೆ, ಅದು 6 ಡಿಗ್ರಿ ಮುಟ್ಟಿದರೆ ಕೂಗುತ್ತದೆ.